ಪ್ಯಾಕ್ಸ್6 ಜೀನ್: ಒಂದು ಪ್ರತಿ ಸರಿ ಇದ್ದರೂ ಯಾಕೆ ಸಾಲದು?

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಯ ಮಗಳಿಗೆ ಈಗ ಐದು ತಿಂಗಳು. ಹುಟ್ಟಿದಾಗಿನಿಂದ ಕಣ್ಣಿನ ನಡುಭಾಗ ಪೂರ್ತಿ ಕಪ್ಪಾಗಿ ಕಾಣುತ್ತದೆ. ಬೆಳಕು ಬಿದ್ದರೆ ಬಿಗಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಣ್ಣುಗುಡ್ಡೆಗಳು ಅತ್ತಿತ್ತ ಅದುರುತ್ತಿರುತ್ತವೆ. ಕಣ್ಣಿನ ಡಾಕ್ಟರು ಅನಿರಿಡಿಯಾ, ಅಂದರೆ ಕಣ್ಣಿನ ಬಣ್ಣದ ಪರದೆ ಬೆಳೆಯದಿರುವ ತೊಂದರೆ, ಎಂದರು. ರಕ್ತದ ರಿಪೋರ್ಟಿನಲ್ಲಿ ‘ಪ್ಯಾಕ್ಸ್6, ಸಿ.718ಸಿ>ಟಿ, ಪಿ.ಆರ್ಗ್240ಟರ್, ಹೆಟೆರೋಝೈಗಸ್’ ಎಂದಿದೆ. ಕೆಳಗೆ ‘ಈ ಜೀನ್ ಒಂದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ತಯಾರಿಸುತ್ತದೆ’ ಅಂತ ಒಂದೇ ಸಾಲು. ಹಾಗಂದರೆ ಏನು? ಕೆಟ್ಟಿರುವುದು ಒಂದು ಪ್ರತಿ ಮಾತ್ರ, ಇನ್ನೊಂದು ಸರಿ ಇದೆ ಅಂದರು. ಹಾಗಿದ್ದರೆ ಸರಿ ಇರುವುದು ಕೆಲಸ ನೋಡಿಕೊಳ್ಳಬಾರದೇ? ಅಪ್ಪ ಅಮ್ಮ ಇಬ್ಬರ ಕಣ್ಣೂ ಚೆನ್ನಾಗಿವೆ. ಮತ್ತೆ ಇದು ಯಾರ ಕಡೆಯಿಂದ ಬಂತು? ಕಿಡ್ನಿಯಲ್ಲಿ ಗಡ್ಡೆ ಬರುತ್ತದೆ ಅಂತ ಎಲ್ಲೋ ಓದಿ ತಂಗಿ ನಿದ್ದೆ ಬಿಟ್ಟಿದ್ದಾಳೆ. ಇನ್ನೊಂದು ಸಣ್ಣ ಪ್ರಶ್ನೆ: ಮಗುವಿಗೆ ನಮ್ಮ ಮುಖ ಕಾಣುತ್ತದಾ?

ಉತ್ತರ: ಮೊದಲು ನಿಮ್ಮ ತಂಗಿಯ ನಿದ್ದೆಯ ವಿಷಯ. ಕಿಡ್ನಿ ಗಡ್ಡೆಯ ಮಾತು ಸುಳ್ಳಲ್ಲ. ಆದರೆ ಅದು ಈ ಮಗುವಿಗೆ ಅನ್ವಯಿಸುವ ಮಾತಲ್ಲ. ಯಾಕೆ ಅನ್ನುವುದು ನೀವು ಬರೆದು ಕಳಿಸಿದ ಆ ಒಂದು ಸಾಲಿನಲ್ಲೇ ಇದೆ.

ಪ್ಯಾಕ್ಸ್6 ಜೀನ್ ಇರುವುದು 11ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ, 11ಪಿ13 ಎಂಬ ಜಾಗದಲ್ಲಿ. ಅಲ್ಲಿಂದ ಸುಮಾರು 7 ಲಕ್ಷ ಡಿಎನ್‌ಎ ಅಕ್ಷರಗಳಾಚೆ ಡಬ್ಲ್ಯುಟಿ1 ಎಂಬ ಇನ್ನೊಂದು ಜೀನ್ ಇದೆ. ಡಿಎನ್‌ಎ ಲೆಕ್ಕದಲ್ಲಿ ಇದು ಪಕ್ಕದ ಮನೆ ಇದ್ದ ಹಾಗೆ. ಕಿಡ್ನಿ ಸರಿಯಾಗಿ ಬೆಳೆಯಲು ಡಬ್ಲ್ಯುಟಿ1 ಬೇಕು. ಕೆಲವು ಮಕ್ಕಳಲ್ಲಿ ಕ್ರೋಮೋಸೋಮಿನ ಆ ತುಂಡೇ ಬಿದ್ದುಹೋಗಿರುತ್ತದೆ, ಎರಡೂ ಜೀನ್ ಒಟ್ಟಿಗೆ ಹೋಗುತ್ತವೆ. ಇದಕ್ಕೆ ವ್ಯಾಗರ್ ಸಿಂಡ್ರೋಮ್ ಎನ್ನುತ್ತಾರೆ. ಅಂಥ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ವಿಲ್ಮ್ಸ್ ಗಡ್ಡೆ ಎಂಬ ಕಿಡ್ನಿ ಕ್ಯಾನ್ಸರ್ ಬರುತ್ತದೆ. 1964ರಲ್ಲಿ ಅಮೆರಿಕದ ರಾಬರ್ಟ್ ಮಿಲ್ಲರ್ ಮತ್ತು ಸಂಗಡಿಗರು ಈ ಗಡ್ಡೆ ಬಂದ 440 ಮಕ್ಕಳ ದಾಖಲೆ ತೆಗೆದು ನೋಡಿದರು. 6 ಮಕ್ಕಳಿಗೆ ಅನಿರಿಡಿಯಾ ಇತ್ತು. ಬರೀ ಆರು ಅಲ್ವಾ ಅನ್ನಿಸಬಹುದು. ಆದರೆ ಅನಿರಿಡಿಯಾ ಇರುವುದೇ 40 ಸಾವಿರದಿಂದ 1 ಲಕ್ಷ ಜನರಲ್ಲಿ ಒಬ್ಬರಿಗೆ. 440ರಲ್ಲಿ ಒಬ್ಬರು ಸಿಕ್ಕಿದ್ದರೂ ಹುಬ್ಬೇರಿಸಬೇಕಿತ್ತು.

ನಿಮ್ಮ ರಿಪೋರ್ಟಿನಲ್ಲಿ ಯಾವ ತುಂಡೂ ಬಿದ್ದುಹೋಗಿಲ್ಲ. ಒಂದೇ ಒಂದು ಅಕ್ಷರ ಬದಲಾಗಿದೆ. ಡಬ್ಲ್ಯುಟಿ1 ತನ್ನ ಪಾಡಿಗೆ ತಾನಿದೆ. ಹಾಗಾಗಿ ಇವಳಿಗೆ ಆ ಗಡ್ಡೆಯ ಅಪಾಯ ಬೇರೆ ಮಕ್ಕಳಿಗಿಂತ ಜಾಸ್ತಿ ಅಂತ ಹೇಳಲು ಕಾರಣವಿಲ್ಲ. ವ್ಯಾಗರ್ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುವ ಕ್ರಮವಿದೆ. ಸಾಮಾನ್ಯವಾಗಿ ಇಂಥ ರಿಪೋರ್ಟ್ ಇದ್ದವರಿಗೆ ಅದು ಬೇಕಾಗುವುದಿಲ್ಲ. ಈಗಾಗಲೇ ಸ್ಕ್ಯಾನ್ ಶುರು ಮಾಡಿದ್ದರೆ ರಿಪೋರ್ಟನ್ನು ಮಕ್ಕಳ ಡಾಕ್ಟರಿಗೆ ತೋರಿಸಿ ಕೇಳಿ. ನಾನು ಹೇಳಿದೆ ಅಂತ ನೀವೇ ನಿಲ್ಲಿಸಬೇಡಿ.

ಈಗ ಆ ಸಾಲನ್ನು ಬಿಡಿಸಿ ಓದೋಣ.

ಪ್ರೋಟೀನ್ ಕಟ್ಟುವ ಸೂಚನೆಯಲ್ಲಿ 718ನೇ ಅಕ್ಷರ ‘ಸಿ’ ಇರಬೇಕಿತ್ತು, ‘ಟಿ’ ಆಗಿದೆ. ಜೀವಕೋಶ ಈ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ. 718, 719, 720 ಸೇರಿ 240ನೇ ಪದ. ಅಲ್ಲಿ ‘ಸಿಜಿಎ’ ಇದ್ದರೆ ‘ಆರ್ಜಿನೀನ್ ಜೋಡಿಸು’ ಎಂದರ್ಥ (ಆರ್ಜಿನೀನ್ ಎಂದರೆ ಪ್ರೋಟೀನ್ ಸರಪಳಿಯ ಒಂದು ಬಗೆಯ ಕೊಂಡಿ). ‘ಟಿಜಿಎ’ ಆದರೆ ‘ಸಾಕು, ನಿಲ್ಲಿಸು’ ಎಂದರ್ಥ. ರಿಪೋರ್ಟಿನ ‘ಟರ್’ ಹೇಳುವುದು ಅದನ್ನೇ. 422 ಕೊಂಡಿಗಳ ಪ್ರೋಟೀನ್ 239ಕ್ಕೇ ತುಂಡಾಗಬೇಕು. ಆದರೆ ಹೆಚ್ಚಿನ ಸಲ ಆ ಮೊಂಡು ಪ್ರೋಟೀನ್ ಕೂಡ ಹುಟ್ಟುವುದಿಲ್ಲ. ನಡುವೆಯೇ ‘ನಿಲ್ಲಿಸು’ ಎಂದಿರುವ ಆರ್‌ಎನ್‌ಎ ನಕಲನ್ನು ಜೀವಕೋಶ ಪತ್ತೆ ಹಚ್ಚಿ ಚಿಂದಿ ಮಾಡಿಬಿಡುತ್ತದೆ. ಅಂದರೆ ಈ ಪ್ರತಿಯಿಂದ ಬರಬೇಕಾದ ಪ್ರೋಟೀನ್ ಬಹುಪಾಲು ಬರುವುದೇ ಇಲ್ಲ. ‘ಹೆಟೆರೋಝೈಗಸ್’ ಎಂದರೆ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಹೀಗಾಗಿದೆ, ಇನ್ನೊಂದು ಸರಿ ಇದೆ ಅಂತ.

ನಡುವೆ ಒಂದು ಮಾತು. ಇದೇ ಬದಲಾವಣೆಯನ್ನು ಬೇರೆ ಲ್ಯಾಬಿನವರು ‘ಆರ್ಗ್254ಟರ್’ ಅಂತ ಬರೆದರೆ ಗಾಬರಿಯಾಗಬೇಡಿ. ಪ್ಯಾಕ್ಸ್6 ಪ್ರೋಟೀನಿಗೆ ಇನ್ನೊಂದು ರೂಪ ಇದೆ, ಅದರಲ್ಲಿ 14 ಕೊಂಡಿ ಜಾಸ್ತಿ. ಆ ರೂಪವನ್ನಿಟ್ಟು ಎಣಿಸಿದರೆ 240 ಹೋಗಿ 254 ಆಗುತ್ತದೆ. ತಪ್ಪು ಅದೇ, ಮನೆ ನಂಬರ್ ಬೇರೆ ಅಷ್ಟೆ.

ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ವಿಷಯಕ್ಕೆ ಬರುತ್ತೇನೆ. ಮಗುವಿನ ಚರ್ಮದ ಕೋಶದಲ್ಲೂ ಕಣ್ಣಿನ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್ ಕಟ್ಟುವ ಸುಮಾರು 20 ಸಾವಿರ ಜೀನ್‌ಗಳು ಎರಡರಲ್ಲೂ ಇವೆ. ಹಾಗಿದ್ದೂ ಒಂದು ಚರ್ಮವಾಯಿತು, ಇನ್ನೊಂದು ಕಣ್ಣಾಯಿತು. ಯಾವ ಕೋಶದಲ್ಲಿ ಯಾವ ಜೀನ್ ಎಚ್ಚರವಿರಬೇಕು, ಯಾವುದು ಮಲಗಿರಬೇಕು, ಎದ್ದದ್ದು ಎಷ್ಟು ಜೋರಾಗಿ ದುಡಿಯಬೇಕು ಎನ್ನುವುದರಲ್ಲಿ ವ್ಯತ್ಯಾಸ ಇರುವುದು. ಅದನ್ನು ತೀರ್ಮಾನಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು. ಇವು ತಾವೇ ಏನನ್ನೂ ಕಟ್ಟುವುದಿಲ್ಲ. ಡಿಎನ್‌ಎ ಮೇಲೆ ತಮಗೆ ಗೊತ್ತಿರುವ ಅಕ್ಷರಗಳ ಸಾಲು ಹುಡುಕಿ ಅಲ್ಲಿ ಕೂರುತ್ತವೆ. ಹತ್ತಿರದ ಜೀನ್ ನಕಲಾಗುವ ಹಾಗೆ, ಅಥವಾ ಆಗದ ಹಾಗೆ, ನೋಡಿಕೊಳ್ಳುತ್ತವೆ. ಮನುಷ್ಯರಲ್ಲಿ ಇಂಥವು ಸುಮಾರು 1,600 ಇವೆ.

ಪ್ಯಾಕ್ಸ್6ಗೆ ಡಿಎನ್‌ಎ ಹಿಡಿಯಲು ಎರಡು ಕೈ. ತಲೆಯ ಕಡೆ ಇರುವುದು ಪೇರ್ಡ್ ಡೊಮೈನ್, ನಡುವಿನದು ಹೋಮಿಯೋಡೊಮೈನ್. ಬಾಲದ ಭಾಗ ನಕಲು ಮಾಡುವ ಯಂತ್ರವನ್ನು ಕರೆಯುತ್ತದೆ. ನಿಮ್ಮ ಮಗುವಿನ 240ನೇ ಪದ ಬೀಳುವುದು ಎರಡನೇ ಕೈಯ ಮಧ್ಯಕ್ಕೆ ಸರಿಯಾಗಿ. ಮೊಂಡು ಪ್ರೋಟೀನ್ ಹುಟ್ಟಿದರೂ ಒಂದೂವರೆ ಕೈ ಇರುತ್ತದೆ, ಬಾಲ ಇರುವುದಿಲ್ಲ. ಹಿಡಿದುಕೊಂಡು ಕೂರಬಹುದೇನೋ, ಯಂತ್ರ ಕರೆಯಲಾರದು.

ಕಣ್ಣಿನ ಲೆನ್ಸನ್ನು ತಿಳಿಯಾಗಿಡುವ ಕ್ರಿಸ್ಟಲಿನ್ ಪ್ರೋಟೀನ್‌ಗಳ ಜೀನ್, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯ) ಮೇಲ್ಪದರಕ್ಕೆ ಗಟ್ಟಿತನ ಕೊಡುವ ಕೆರಾಟಿನ್12ರ ಜೀನ್, ಹೀಗೆ ತುಂಬಾ ಜೀನ್‌ಗಳಿಗೆ ಪ್ಯಾಕ್ಸ್6 ಅಪ್ಪಣೆ ಕೊಡುತ್ತದೆ. ತನ್ನ ಜೀನಿಗೂ ತಾನೇ ಕೊಡುತ್ತದೆ. ಕೆಲಸ ಶುರುವಾಗುವುದು ಬಹಳ ಬೇಗ. ಗರ್ಭದ ನಾಲ್ಕನೇ ವಾರದಲ್ಲಿ ಎಳೆ ಮಿದುಳಿನ ಎರಡೂ ಬದಿಯಿಂದ ಒಂದೊಂದು ಗುಳ್ಳೆ ಉಬ್ಬಿ ಹೊರಗೆ ಬರುತ್ತದೆ. ಚರ್ಮವಾಗಲಿರುವ ಪದರದ ಒಳಮೈಗೆ ಹೋಗಿ ತಾಗುತ್ತದೆ. ತಾಗಿದ ಕಡೆ ಆ ಪದರ ದಪ್ಪಗಾಗಿ, ಒಳಕ್ಕೆ ಕುಸಿದು, ಕಿತ್ತುಕೊಂಡು ಲೆನ್ಸ್ ಆಗುತ್ತದೆ. ಗುಳ್ಳೆ ತಾನೂ ಒಳಕ್ಕೆ ಮಡಚಿಕೊಂಡು ಬಟ್ಟಲಾಗಿ, ಬಟ್ಟಲಿನ ಒಳಪದರ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಪದರ, ಆಗುತ್ತದೆ. ಗುಳ್ಳೆಯಲ್ಲೂ ಪ್ಯಾಕ್ಸ್6 ಬೇಕು, ಮೇಲಿನ ಪದರದಲ್ಲೂ ಬೇಕು. ಐರಿಸ್, ಅಂದರೆ ಕಣ್ಣಿನ ಬಣ್ಣದ ಪರದೆ, ಇದೆಲ್ಲ ಆದ ಮೇಲೆ ಬಟ್ಟಲಿನ ಅಂಚಿನಿಂದ ಚಿಗುರುತ್ತದೆ. ನಿಮ್ಮ ಮಗುವಿನಲ್ಲಿ ಅದು ಬುಡದಲ್ಲೇ ನಿಂತುಹೋಗಿದೆ. ಪರದೆ ಇಲ್ಲದ್ದರಿಂದ ಕಣ್ಣು ಕಪ್ಪಾಗಿ ಕಾಣುತ್ತದೆ, ಬೆಳಕು ತಡೆಯುವವರಿಲ್ಲ.

ಈ ಜೀನ್ ಎಷ್ಟು ಹಳೆಯದು ಅನ್ನುವುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಣ್ಣುನೊಣಗಳಲ್ಲಿ ಕಣ್ಣೇ ಇಲ್ಲದ ಒಂದು ತಳಿ 1915ರಿಂದಲೂ ಗೊತ್ತಿತ್ತು, ಅದಕ್ಕೆ ‘ಐಲೆಸ್’ ಅಂತ ಹೆಸರು. 1991ರಲ್ಲಿ ಮನುಷ್ಯರ ಅನಿರಿಡಿಯಾ ಜೀನ್ ಸಿಕ್ಕಿತು. ಅದೇ ವರ್ಷ ‘ಸ್ಮಾಲ್ ಐ’ ಎಂಬ ಸಣ್ಣ ಕಣ್ಣಿನ ಇಲಿಗಳಲ್ಲೂ ಕೆಟ್ಟಿರುವುದು ಇದೇ ಜೀನ್ ಅಂತ ಗೊತ್ತಾಯಿತು. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆರಿಂಗ್ ಅವರ ತಂಡ ನೊಣದ ಐಲೆಸ್ ಜೀನನ್ನು ಓದಿತು. ನೋಡಿದರೆ ಅದೂ ಪ್ಯಾಕ್ಸ್6! ಮರುವರ್ಷ ಅವರು ಆ ಜೀನನ್ನು ನೊಣದ ಮರಿಯಲ್ಲಿ ಕಣ್ಣಲ್ಲದ ಜಾಗಗಳಲ್ಲಿ ಎಬ್ಬಿಸಿದರು. ಕಾಲಿನ ಮೇಲೆ, ರೆಕ್ಕೆಯ ಮೇಲೆ, ಮೀಸೆಯ ಮೇಲೆ ಕೆಂಪು ಕಣ್ಣುಗಳು ಎದ್ದವು. ಆಮೇಲೆ ಇಲಿಯ ಪ್ಯಾಕ್ಸ್6 ಹಾಕಿದರು. ಆಗಲೂ ಕಣ್ಣು ಬಂತು. ಬಂದದ್ದು ಇಲಿಯ ಕಣ್ಣಲ್ಲ, ನೊಣದ್ದೇ ಗೂಡುಗೂಡಾದ ಕಣ್ಣು. ಇಲಿಯ ಜೀನ್ ಹೇಳಿದ್ದು ‘ಇಲ್ಲಿ ಕಣ್ಣು ಮಾಡು’ ಅಂತ ಮಾತ್ರ. ಹೇಗೆ ಮಾಡಬೇಕು ಅನ್ನುವುದು ನೊಣಕ್ಕೆ ಗೊತ್ತಿತ್ತು. ಅಪ್ಪಣೆ ಕೊಡುವ ಪ್ರೋಟೀನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಈ ಪ್ರಯೋಗವನ್ನೇ ಹೇಳುವುದು. ಅಂದಹಾಗೆ, ಇಲಿಯ 422 ಕೊಂಡಿಗಳ ಪ್ರೋಟೀನಿಗೂ ನಮ್ಮದಕ್ಕೂ ಒಂದೇ ಒಂದು ಕೊಂಡಿಯ ವ್ಯತ್ಯಾಸವೂ ಇಲ್ಲ.

ನಿಮ್ಮ ನಿಜವಾದ ಪ್ರಶ್ನೆ ಇಲ್ಲಿದೆ: ಒಂದು ಪ್ರತಿ ಸರಿ ಇದೆಯಲ್ಲ, ಮತ್ಯಾಕೆ ಹೀಗೆ?

ನೀವು ಕೇಳಿದ್ದು ನ್ಯಾಯವಾಗಿದೆ. ಎಷ್ಟೋ ಜೀನ್‌ಗಳಲ್ಲಿ ಅರ್ಧ ಇದ್ದರೆ ಧಾರಾಳ ಸಾಕು. ಕಿಣ್ವಗಳನ್ನೇ ತೆಗೆದುಕೊಳ್ಳಿ. ಒಂದು ಪ್ರತಿ ಕೆಟ್ಟರೂ ಉಳಿದ ಅರ್ಧದಷ್ಟು ಕಿಣ್ವ ಸ್ವಲ್ಪ ಜಾಸ್ತಿ ದುಡಿದು ಕೆಲಸ ಮುಗಿಸುತ್ತದೆ, ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಇಂಥ ಕೆಲವು ಕೆಟ್ಟ ಪ್ರತಿಗಳನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇವೆ. ಪ್ಯಾಕ್ಸ್6 ಹಾಗಲ್ಲ. ಅದು ಕೂರಬೇಕಾದ ಜಾಗಗಳು ಎಲ್ಲವೂ ಒಂದೇ ತರ ಇಲ್ಲ. ಕೆಲವು ಜಾಗ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಕೋಶದಲ್ಲಿ ಸ್ವಲ್ಪವೇ ಇದ್ದರೂ ಅಲ್ಲಿ ಬಂದು ಕೂರುತ್ತದೆ. ಕೆಲವು ಸಡಿಲ. ಅಲ್ಲಿ ಬಂದು ಕೂರಬೇಕಾದರೆ ಕೋಶದ ತುಂಬ ಪ್ಯಾಕ್ಸ್6 ಇರಬೇಕು. ಪ್ರೋಟೀನ್ ಅರ್ಧಕ್ಕೆ ಇಳಿದಾಗ ಗಟ್ಟಿ ಜಾಗಗಳು ತುಂಬಿರುತ್ತವೆ, ಸಡಿಲ ಜಾಗಗಳು ಖಾಲಿ ಬೀಳುತ್ತವೆ. ಅದಕ್ಕೇ ಕಣ್ಣೇ ಆಗದೆ ಉಳಿಯಲಿಲ್ಲ. ಕಣ್ಣಾಯಿತು, ಲೆನ್ಸಾಯಿತು, ರೆಟಿನಾ ಆಯಿತು. ಪರದೆ ಮಾತ್ರ ಆಗಲಿಲ್ಲ, ರೆಟಿನಾದ ನಡುವೆ ತೀಕ್ಷ್ಣವಾಗಿ ನೋಡುವ ಸಣ್ಣ ಗುಳಿ ಪೂರ್ತಿ ಮೂಡಲಿಲ್ಲ. ತನ್ನ ಜೀನಿಗೆ ತಾನೇ ಅಪ್ಪಣೆ ಕೊಡುವ ಪ್ರೋಟೀನ್ ಅಂದೆನಲ್ಲ, ಅಲ್ಲೂ ಹೊಡೆತ ಬೀಳುತ್ತದೆ. ಕಡಿಮೆಯಿದ್ದರೆ ಸರಿ ಇರುವ ಪ್ರತಿಗೂ ಒತ್ತಾಸೆ ಕಡಿಮೆ.

ಜೀನಿನ ಸರಿ ಪ್ರತಿ ಇದ್ದೂ ಪ್ರಮಾಣ ಸಾಲದಿರುವುದಕ್ಕೆ ಹ್ಯಾಪ್ಲೋಇನ್‌ಸಫಿಶಿಯೆನ್ಸಿ ಎಂಬ ಉದ್ದದ ಹೆಸರಿದೆ. ನೆನಪಿಡಬೇಕಾಗಿಲ್ಲ. ಇಲಿಗಳಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು. ಎರಡೂ ಪ್ರತಿ ಸರಿ ಇದ್ದರೆ ಸರಿಯಾದ ಕಣ್ಣು. ಒಂದು ಕೆಟ್ಟರೆ ಸಣ್ಣ ಕಣ್ಣು. ಎರಡೂ ಕೆಟ್ಟರೆ ಕಣ್ಣೂ ಇಲ್ಲ, ಮೂಗೂ ಇಲ್ಲ, ಹುಟ್ಟಿದ ಕೂಡಲೇ ಸಾಯುತ್ತವೆ. ಹಾಗಾದರೆ ಜಾಸ್ತಿ ಕೊಟ್ಟರೆ ಒಳ್ಳೆಯದೇ? 1996ರಲ್ಲಿ ಅದನ್ನೂ ಮಾಡಿ ನೋಡಿದರು. ಪ್ಯಾಕ್ಸ್6ನ ಹೆಚ್ಚುವರಿ ಪ್ರತಿಗಳನ್ನು ಹಾಕಿದ ಇಲಿಗಳಲ್ಲೂ ಕಣ್ಣು ಕೆಟ್ಟವು. ‘ಜೀನ್ ಚಿಕಿತ್ಸೆ ಕೊಟ್ಟುಬಿಡಬಾರದೇ’ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಇಲಿಗಳ ಕಥೆ. ಜೀನನ್ನು ತಲುಪಿಸುವುದು ಒಂದು ಕಷ್ಟವಾದರೆ, ಅಳತೆ ಮೀರದ ಹಾಗೆ ತಲುಪಿಸುವುದು ಇನ್ನೂ ದೊಡ್ಡ ಕಷ್ಟ.

ಔಷಧಿಯ ವಿಷಯ ಚಿಕ್ಕದಾಗಿ. ನಿಮ್ಮ ಮಗುವಿನಲ್ಲಿರುವಂಥ ‘ನಿಲ್ಲಿಸು’ ತಪ್ಪನ್ನು ಜೀವಕೋಶ ಕಡೆಗಣಿಸಿ ಮುಂದೆ ಓದುವಂತೆ ಮಾಡುವ ಅಟಲುರೆನ್ ಎಂಬ ಔಷಧಿಯನ್ನು ಅನಿರಿಡಿಯಾಕ್ಕೆ ಪ್ರಯತ್ನಿಸಿದ್ದಾರೆ. ಇಲಿಗಳಲ್ಲಿ ಆಸೆ ಹುಟ್ಟಿಸಿತು. ಮನುಷ್ಯರ ಪರೀಕ್ಷೆಯಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಯಾರಾದರೂ ಖಚಿತ ಚಿಕಿತ್ಸೆ ಇದೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ.

ಯಾರ ಕಡೆಯಿಂದ ಬಂತು ಅನ್ನುವ ಪ್ರಶ್ನೆ ಮನೆಯಲ್ಲಿ ಎಷ್ಟು ಸಲ ಎದ್ದಿರಬೇಕು ಅಂತ ಊಹಿಸಬಲ್ಲೆ. ಅನಿರಿಡಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಅಪ್ಪ ಅಮ್ಮ ಇಬ್ಬರಲ್ಲೂ ತೊಂದರೆ ಇರುವುದಿಲ್ಲ. ತಪ್ಪು ಹೊಸದಾಗಿ ಹುಟ್ಟಿರುತ್ತದೆ. ಅದೂ ಈ ಜಾಗ ಜಾರುಬಂಡೆಯಂಥ ಜಾಗ. ಡಿಎನ್‌ಎಯಲ್ಲಿ ‘ಸಿ’ ಪಕ್ಕ ‘ಜಿ’ ಬಂದಾಗ ಆ ‘ಸಿ’ಗೆ ಮೀಥೈಲ್ ಎಂಬ ಸಣ್ಣ ಗುರುತು ಅಂಟಿರುವುದು ಸಾಮಾನ್ಯ. ಗುರುತು ಇರುವ ‘ಸಿ’ ತಾನಾಗೇ ಒಂದು ಚೂರು ಕಳಚಿಕೊಂಡರೆ ನೇರ ‘ಟಿ’ ಆಗಿಬಿಡುತ್ತದೆ. ‘ಟಿ’ ಡಿಎನ್‌ಎಯಲ್ಲಿ ಇರಬೇಕಾದ ಅಕ್ಷರವೇ ಆದ್ದರಿಂದ ರಿಪೇರಿ ಮಾಡುವ ಪ್ರೋಟೀನ್‌ಗಳ ಕಣ್ಣಿಗೆ ತಪ್ಪು ಸುಲಭಕ್ಕೆ ಬೀಳುವುದಿಲ್ಲ. ಪ್ಯಾಕ್ಸ್6ನಲ್ಲಿ 203, 240, 261, 317 ಈ ನಾಲ್ಕು ಕಡೆ ‘ಸಿಜಿಎ’ ಹೀಗೇ ‘ಟಿಜಿಎ’ ಆಗುವುದು ಜಗತ್ತಿನ ಬೇರೆ ಬೇರೆ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಬ್ಬರಿಗೊಬ್ಬರಿಗೆ ಸಂಬಂಧವೇ ಇಲ್ಲದವರು. ನಿಮ್ಮ ತಂಗಿ ಬಸುರಿಯಲ್ಲಿ ತಿಂದದ್ದು, ನುಂಗಿದ ಮಾತ್ರೆ, ಪಟ್ಟ ಚಿಂತೆ, ಯಾವುದೂ ಇದಕ್ಕೆ ಕಾರಣವಲ್ಲ. ಇದನ್ನು ಅವರ ಎದುರಿಗೆ, ಮನೆಯವರೆಲ್ಲ ಇರುವಾಗ, ನೀವೇ ಹೇಳಿ. ದೊಡ್ಡಮ್ಮ ಹೇಳಿದರೆ ತೂಕ ಜಾಸ್ತಿ.

ಆದರೂ ಅಪ್ಪ ಅಮ್ಮ ಇಬ್ಬರೂ ಎರಡು ಕೆಲಸ ಮಾಡಲಿ. ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಪೂರ್ತಿ ತಪಾಸಣೆ, ಮತ್ತು ಇದೇ ಒಂದು ಅಕ್ಷರಕ್ಕೆ ರಕ್ತ ಪರೀಕ್ಷೆ. ಐರಿಸ್‌ನಲ್ಲಿ ತೀರ ಸಣ್ಣ ಕೊರತೆ ಇದ್ದು ಜೀವನಪೂರ್ತಿ ಗೊತ್ತಾಗದೆ ಉಳಿದವರೂ ಇದ್ದಾರೆ. ರಕ್ತದಲ್ಲಿ ಇಬ್ಬರಿಗೂ ಇಲ್ಲ ಅಂತ ಬಂದರೆ ಮುಂದಿನ ಮಗುವಿಗೆ ಬರುವ ಸಂಭವ ತುಂಬಾ ಕಡಿಮೆ. ಸೊನ್ನೆ ಅನ್ನಲಾರೆ. ಅಪರೂಪಕ್ಕೆ ತಪ್ಪು ಒಬ್ಬರ ಅಂಡಾಣು ಅಥವಾ ವೀರ್ಯದ ಕೋಶಗಳಲ್ಲಿ ಮಾತ್ರ ಅಡಗಿರುತ್ತದೆ, ರಕ್ತದಲ್ಲಿ ಕಾಣುವುದಿಲ್ಲ. ಇನ್ನು ಈ ಮಗಳು ದೊಡ್ಡವಳಾಗಿ ತಾಯಿಯಾಗುವಾಗ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆ ಮಾತು ಅವಳಿಗೆ ಹೇಳುವ ಕಾಲ ಇನ್ನೂ ದೂರ ಇದೆ.

ಈಗ ಕಣ್ಣು. ಅನಿರಿಡಿಯಾ ಎಂಬ ಹೆಸರಿಗೆ ‘ಐರಿಸ್ ಇಲ್ಲ’ ಅಂತ ಅರ್ಥ. ಆದರೆ ಜನ ಐರಿಸ್ ಒಂದನ್ನೇ ಹಿಡಿದುಕೊಳ್ಳುವುದು ನನಗೆ ತಲೆನೋವು. ಪ್ಯಾಕ್ಸ್6ನ ಕೆಲಸ ಮಗು ಹುಟ್ಟಿದ ದಿನ ಮುಗಿಯುವುದಿಲ್ಲ. ಕಾರ್ನಿಯಾದ ಮೇಲ್ಪದರ ಜೀವನಪೂರ್ತಿ ಉದುರಿ ಹೊಸದಾಗುತ್ತಿರುತ್ತದೆ, ಅದಕ್ಕೆ ಅಂಚಿನಲ್ಲಿರುವ ಕಾಂಡಕೋಶಗಳು ಬೇಕು, ಅವಕ್ಕೆ ಪ್ಯಾಕ್ಸ್6 ಬೇಕು. ಹಾಗಾಗಿ ವರ್ಷ ಕಳೆದಂತೆ ಕಾರ್ನಿಯಾ ಮಬ್ಬಾಗುವ ಅಪಾಯ ಇದೆ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಗ್ಲಾಕೋಮಾ ಸದ್ದಿಲ್ಲದೆ ಬರುತ್ತದೆ, ನೋವು ಇರಲೇಬೇಕು ಅಂತಿಲ್ಲ. ಆದ್ದರಿಂದ ‘ಮಗು ಚೆನ್ನಾಗಿದ್ದಾಳೆ, ಸುಮ್ನೆ ಯಾಕೆ’ ಅಂತ ಒತ್ತಡ ನೋಡಿಸುವುದನ್ನು ಮುಂದೂಡಬೇಡಿ. ಅಂದಕ್ಕೋ ಬೆಳಕಿಗೋ ಅಂತ ಕೃತಕ ಐರಿಸ್ ಹಾಕಿಸುವ ಆಲೋಚನೆ ಬಂದರೆ ಆತುರ ಬೇಡ. ಈ ಕಣ್ಣುಗಳಲ್ಲಿ ಆಪರೇಷನ್ ಆದ ಮೇಲೆ ಒಳಗೆ ನಾರಿನಂಥ ಪೊರೆ ಬೆಳೆದು ಇದ್ದ ದೃಷ್ಟಿಯೂ ಹಾಳಾದ ಉದಾಹರಣೆಗಳಿವೆ.

ಕಣ್ಣಿನ ಹೊರಗೂ ಪ್ಯಾಕ್ಸ್6ಗೆ ಕೆಲಸ ಇದೆ, ಮೂಗಿನಲ್ಲಿ, ಮಿದುಳಿನ ಕೆಲವು ಭಾಗಗಳಲ್ಲಿ, ಇನ್ಸುಲಿನ್ ಮಾಡುವ ಕೋಶಗಳಲ್ಲಿ. ಕೆಲವರಿಗೆ ವಾಸನೆ ಕಡಿಮೆ ತಿಳಿಯುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಏರುಪೇರಾಗುತ್ತದೆ. ಗದ್ದಲದಲ್ಲಿ ಮಾತು ಬಿಡಿಸಿ ಕೇಳುವುದು ಕೆಲವು ಮಕ್ಕಳಿಗೆ ಕಷ್ಟ. ಕಿವಿಯ ಪರೀಕ್ಷೆಯಲ್ಲಿ ಎಲ್ಲ ಸರಿ ಬಂದಿರುತ್ತದೆ, ಮೇಷ್ಟ್ರು ಮಾತ್ರ ‘ಗಮನ ಇಲ್ಲ’ ಎನ್ನುತ್ತಾರೆ. ಶಾಲೆಗೆ ಸೇರುವಾಗ ಇದು ನೆನಪಿರಲಿ.

ಕೊನೆಗೆ ನೀವು ಸಣ್ಣದು ಅಂದ ಪ್ರಶ್ನೆ. ಹೌದು, ನಿಮ್ಮ ಮುಖ ಅವಳಿಗೆ ಕಾಣುತ್ತದೆ, ಹತ್ತಿರ ಬಂದರೆ. ಅನಿರಿಡಿಯಾದಲ್ಲಿ ದೃಷ್ಟಿ ಹೆಚ್ಚಾಗಿ 6/30ರಿಂದ 6/60ರ ಆಸುಪಾಸು ಇರುತ್ತದೆ. ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದು ಓದಿದ ಹಾಗೆ. ಅವಳನ್ನು ಎತ್ತಿಕೊಂಡಾಗ ನಿಮ್ಮ ಮುಖ ಒಂದು ಗೇಣು ದೂರದಲ್ಲಿರಲಿ. ಕಿಟಕಿಗೆ ಬೆನ್ನು ಹಾಕಿ ನೀವು ಕೂತರೆ ಬೆಳಕೆಲ್ಲ ಅವಳ ಕಣ್ಣಿಗೇ ಹೊಡೆಯುತ್ತದೆ, ನಿಮ್ಮ ಮುಖ ಕಪ್ಪು ನೆರಳಾಗುತ್ತದೆ. ಅವಳ ಬೆನ್ನು ಕಿಟಕಿಗೆ ಇರಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಹೊರಗೆ ಹೋಗುವಾಗ ಅಂಚು ಅಗಲವಾದ ಟೋಪಿ ಹಾಕಿ, ಬಣ್ಣದ ಕನ್ನಡಕ ಯಾವಾಗಿಂದ ಅಂತ ಕಣ್ಣಿನ ಡಾಕ್ಟರನ್ನು ಕೇಳಿ. ಈಗ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ ಅಂದಿರಲ್ಲ, ದೀಪ ಸ್ವಲ್ಪ ತಗ್ಗಿಸಿ ನೋಡಿ. ತಾನಾಗೇ ತೆರೆಯುತ್ತಾಳೆ.